ಮೂರು ನಿಮಿಷದ ಜಗಳಕ್ಕೆ ಆರು ತಿಂಗಳ ತಯಾರಿ

ಮಕ್ಕಳಿರುವ ಮನೆಗಳಲ್ಲಿ ಇತ್ತೀಚೆಗೆ ಮೊಬೈಲಿನಿಂದ ಒಂದು ವಿಚಿತ್ರ ಸದ್ದು ಬರೋದನ್ನ ನೀವೂ ಕೇಳಿರಬಹುದು. ಮೊದಲು ಮಿಕ್ಸಿ ಶುರುವಾದ ಹಾಗೆ ‘ಗುಂಯ್’ ಅಂತ ಏರುತ್ತಾ ಹೋಗುತ್ತೆ. ಆಮೇಲೆ ಕಬ್ಬಿಣದ ಅಂಗಡಿಯಲ್ಲಿ ಯಾರೋ ರಾಡು ಬೀಳಿಸಿದಂತೆ ‘ಢಣ್!’ ಹಿಂದೆಯೇ ಸಾವಿರ ಜನ ಕೂಗುವ ಗದ್ದಲ. ಇಣುಕಿ ನೋಡಿದರೆ ಗಾಜಿನಂಥ ಗೋಡೆಗಳ ಪೆಟ್ಟಿಗೆಯೊಳಗೆ ಎರಡು ಯಂತ್ರಗಳು ಹೊಡೆದಾಡ್ತಾ ಇರುತ್ತವೆ. ಒಂದರ ಚಕ್ರ ಕಿತ್ತು ಮೂಲೆಗೆ ಹಾರಿರುತ್ತೆ, ಇನ್ನೊಂದರ ಹೊಟ್ಟೆಯಿಂದ ಹೊಗೆ. ‘ಏನೋ ಇದು?’ ಅಂದ್ರೆ ‘ಬ್ಯಾಟಲ್‌ಬಾಟ್ಸ್ ತಾತ, ಸುಮ್ನಿರಿ’ ಅನ್ನೋ ಉತ್ತರ.

ಸುಮ್ಮನಿರೋ ಜಾಯಮಾನ ನನ್ನದಲ್ಲ. ಮೂವತ್ತು ವರ್ಷ ಟೂಲ್ ರೂಮಿನಲ್ಲಿ ಲೋಹ ಕೊರೆದು, ಉಜ್ಜಿ, ಹದ ಮಾಡಿ ಬದುಕಿದವನು ನಾನು. ಕಷ್ಟಪಟ್ಟು ಮಾಡಿದ ಯಂತ್ರವನ್ನ ಬೇಕಂತಲೇ ಒಡೆಸೋಕೆ ಕಳಿಸ್ತಾರೆ ಅಂದ್ರೆ ಅದನ್ನ ಹೇಗೆ ಕಟ್ಟಿರ್ತಾರೆ ಅಂತ ತಿಳಿಯದೆ ನಿದ್ದೆ ಬರುತ್ತಾ? ಹಾಗಾಗಿ ಈ ಸಲದ ಅಂಕಣ ರೋಬೋಗಳ ಕುಸ್ತಿ ಬಗ್ಗೆ.

ಇದು ಹುಟ್ಟಿದ್ದು ಅಮೆರಿಕದಲ್ಲಿ. ಸಿನಿಮಾಗಳಿಗೆ ಮಾದರಿಗಳನ್ನ ಮಾಡಿಕೊಡ್ತಿದ್ದ ಮಾರ್ಕ್ ಥೋರ್ಪ್ ಎಂಬಾತ 1992ರಲ್ಲಿ ರಿಮೋಟಿನಿಂದ ಓಡುವ ವ್ಯಾಕ್ಯೂಮ್ ಕ್ಲೀನರ್ ಮಾಡಲು ಹೊರಟಿದ್ದ. ಕಸ ಗುಡಿಸೋ ಕೆಲಸ ಸರಿಹೋಗಲಿಲ್ಲ. ಆದರೆ ಅದರಿಂದ ಕಾದಾಡೋ ಯಂತ್ರದ ಯೋಚನೆ ಹುಟ್ಟಿತು. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫೋರ್ಟ್ ಮೇಸನ್‌ನಲ್ಲಿ ಮೊದಲ ‘ರೋಬೋಟ್ ವಾರ್ಸ್’ ನಡೆಯಿತು. ಬ್ರಿಟನ್ನಿನವರು ಅದನ್ನ ಟಿವಿಗೆ ತಂದರು. 1998ರಲ್ಲಿ ಬಿಬಿಸಿ ಟೂ ವಾಹಿನಿಯಲ್ಲಿ ಶುರುವಾಗಿ ವರ್ಷಗಟ್ಟಲೆ ಓಡಿತು. ಅಮೆರಿಕದಲ್ಲಿ ‘ಬ್ಯಾಟಲ್‌ಬಾಟ್ಸ್’ 2000ದಲ್ಲಿ ಕಾಮಿಡಿ ಸೆಂಟ್ರಲ್‌ನಲ್ಲಿ ಬಂತು, 2002ಕ್ಕೆ ನಿಂತಿತು, 2015ರಲ್ಲಿ ಎಬಿಸಿಯಲ್ಲಿ ಮತ್ತೆ ಎದ್ದಿತು, ಆಮೇಲೆ ಡಿಸ್ಕವರಿಗೆ ಹೋಯಿತು. ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡೋದು ಹೆಚ್ಚಾಗಿ ಇದರ ತುಣುಕುಗಳನ್ನೇ.

ಈಗ ಕಟ್ಟೋ ವಿಷಯಕ್ಕೆ ಬರೋಣ. ಮೊದಲು ಬೇಕಾಗೋದು ಮೋಟಾರಲ್ಲ, ಬ್ಲೇಡಲ್ಲ, ನಿಯಮದ ಪುಸ್ತಕ. ಈಗಿನ ಬ್ಯಾಟಲ್‌ಬಾಟ್ಸ್‌ನಲ್ಲಿ ಒಂದು ರೋಬೋ ಹೆಚ್ಚೆಂದರೆ 250 ಪೌಂಡು, ಅಂದ್ರೆ ಸುಮಾರು 113 ಕಿಲೋ ತೂಗಬಹುದು. ಪಂದ್ಯ ಮೂರು ನಿಮಿಷ. ಎದುರಾಳಿ ಅಲ್ಲಾಡದಂತಾದರೆ ಎಣಿಸಿ ಔಟ್ ಮಾಡ್ತಾರೆ. ಇಬ್ಬರೂ ಕೊನೇವರೆಗೂ ಉಳಿದರೆ ತೀರ್ಪುಗಾರರ ಪಾಳಿ: ಪ್ರತಿಯೊಬ್ಬರ ಬಳಿ 11 ಅಂಕ, ಅದರಲ್ಲಿ ಹಾನಿಗೆ 5, ನುಗ್ಗಿ ಹೋದದ್ದಕ್ಕೆ 3, ಹಿಡಿತಕ್ಕೆ 3. ತಿರುಗುವ ಆಯುಧದ ತುದಿ ಗಂಟೆಗೆ 250 ಮೈಲಿ, ಅಂದ್ರೆ ಸುಮಾರು 400 ಕಿ.ಮೀ. ವೇಗ ದಾಟಬಾರದು.

ನಿಯಮದ ಪುಸ್ತಕ ಎಷ್ಟು ಮುಖ್ಯ ಅನ್ನೋಕೆ ಒಂದು ಕತೆ. 2015ರಲ್ಲಿ ‘ಕಂಪ್ಲೀಟ್ ಕಂಟ್ರೋಲ್’ ಅನ್ನೋ ರೋಬೋ ಕಣಕ್ಕೆ ಉಡುಗೊರೆ ಪೊಟ್ಟಣ ಹೊತ್ತುಕೊಂಡು ಬಂತು. ಎದುರಾಳಿ ‘ಘೋಸ್ಟ್ ರ‍್ಯಾಪ್ಟರ್’ ತನ್ನ ತಿರುಗೋ ಬ್ಲೇಡಿನಿಂದ ಅದಕ್ಕೆ ಹೊಡೀತು. ಒಳಗಿದ್ದದ್ದು ಬಲೆ! ಬ್ಲೇಡು ಸಿಕ್ಕಿಕೊಂಡು ನಿಂತೇಬಿಡ್ತು. ಗದ್ದಲವೋ ಗದ್ದಲ. ‘ಬಲೆ ಹಾಕಬಾರದು ಅಂತ ಈ ಪುಸ್ತಕದಲ್ಲಿ ಎಲ್ಲಿದೆ ತೋರಿಸಿ’ ಅನ್ನೋದು ಬಲೆ ತಂದವರ ವಾದ. ಹಳೇ ಸರಣಿಯಲ್ಲಿ ನಿಷೇಧ ಇತ್ತು, ಹೊಸ ಪುಸ್ತಕದಲ್ಲಿ ಬರೆಯೋದು ಬಿಟ್ಟುಹೋಗಿತ್ತು. ಕೊನೆಗೆ ಬಲೆ ಇಲ್ಲದೆ ಮತ್ತೆ ಆಡಿಸಿದರು, ಘೋಸ್ಟ್ ರ‍್ಯಾಪ್ಟರ್ ಗೆದ್ದಿತು.

ನಿಯಮ ಓದಿದ ಮೇಲೆ ಬರೋದು ತೂಕದ ಹಂಚಿಕೆ. ಇದು ಸಂಬಳ ಬಂದ ದಿನ ಮನೆ ಖರ್ಚು ಬರೆದಿಡೋ ಹಾಗೆ. ಬ್ರೆಜಿಲ್‌ನಲ್ಲಿ ರಿಯೋಬಾಟ್ಸ್ ಅನ್ನೋ ವಿಶ್ವವಿದ್ಯಾಲಯದ ತಂಡವಿದೆ. ಅವರ ಪ್ರೊಫೆಸರ್ ಮಾರ್ಕೋ ಆಂಟೋನಿಯೋ ಮೆಜಿಯೊಲಾರೋ ಕಾದಾಡೋ ರೋಬೋ ಕಟ್ಟೋದರ ಬಗ್ಗೆ ಮುನ್ನೂರಕ್ಕೂ ಹೆಚ್ಚು ಪುಟದ ಪುಸ್ತಕ ಬರೆದು ಪುಕ್ಕಟೆಯಾಗಿ ಹಂಚಿದ್ದಾರೆ. ಅದರಲ್ಲಿ ಬರೋ ಒಂದು ಸೂತ್ರ 30-30-25-15. ಒಟ್ಟು ತೂಕದ ನೂರಕ್ಕೆ 30 ಭಾಗ ಓಡಾಟದ ಮೋಟಾರು, ಚಕ್ರಗಳಿಗೆ, 30 ಆಯುಧಕ್ಕೆ, 25 ಮೈಕಟ್ಟು, ಕವಚಕ್ಕೆ, 15 ಬ್ಯಾಟರಿ, ಎಲೆಕ್ಟ್ರಾನಿಕ್ಸಿಗೆ. 113 ಕಿಲೋ ಲೆಕ್ಕದಲ್ಲಿ ಆಯುಧಕ್ಕೆ ಸಿಗೋದು 34 ಕಿಲೋ. ಇನ್ನೂ ದೊಡ್ಡ ಬ್ಲೇಡು ಬೇಕಾ? ಸರಿ, ಕವಚದಿಂದ ಕಿತ್ತುಕೊಳ್ಳಿ. ಹಬ್ಬಕ್ಕೆ ಸೀರೆ ತಗೊಂಡ್ರೆ ಆ ತಿಂಗಳ ಹಾಲಿನ ದುಡ್ಡಲ್ಲಿ ಕಮ್ಮಿ ಬೀಳುತ್ತಲ್ಲ, ಅದೇ ಲೆಕ್ಕ.

ಆಯುಧ ಯಾವುದು? ಗರಡಿಮನೆಯಲ್ಲಿ ಒಬ್ಬೊಬ್ಬ ಪೈಲ್ವಾನನಿಗೆ ಒಂದೊಂದು ಪಟ್ಟು ಒಲಿದಿರುತ್ತೆ. ಇಲ್ಲೂ ಹಾಗೇ. ಕೆಲವು ಎದುರಾಳಿಯ ಅಡಿಗೆ ನುಗ್ಗಿ ಎತ್ತಿ ಎಸೆಯೋ ಜಾತಿ. ಬ್ರಿಟನ್ನಿನ ‘ಕೇಯಾಸ್ 2’ ಒತ್ತಡದ ಗಾಳಿಯಿಂದ ಹಾರಿಸೋ ಮುಚ್ಚಳ ಇಟ್ಟುಕೊಂಡೇ ರೋಬೋಟ್ ವಾರ್ಸ್‌ನ ಮೂರನೇ ಮತ್ತು ನಾಲ್ಕನೇ ಸರಣಿ ಎರಡನ್ನೂ ಗೆದ್ದಿತು. ಕೆಲವು ಹಿಡಿದು ಒತ್ತೋ ಜಾತಿ, ಕೆಲವು ಸುತ್ತಿಗೆ. ಹೆಚ್ಚು ಹಾನಿ ಮಾಡೋದು ತಿರುಗೋ ಆಯುಧ. ‘ಟೂಂಬ್‌ಸ್ಟೋನ್’ ಮುಂದೆ ಒಂದು ಅಡ್ಡ ಪಟ್ಟಿಯನ್ನ ಹೆಲಿಕಾಪ್ಟರ್ ರೆಕ್ಕೆ ಹಾಗೆ ತಿರುಗಿಸುತ್ತೆ. ಬ್ರೆಜಿಲ್‌ನವರ ‘ಮಿನೋಟಾರ್’ ಮುಂದೆ ಉಕ್ಕಿನ ಉರುಳೆ.

ತಿರುಗೋದರಲ್ಲಿ ಅಂಥದ್ದೇನಿದೆ? ಸ್ವಲ್ಪ ಲೆಕ್ಕ ಮಾಡೋಣ, ಗಾಬರಿ ಬೀಳಬೇಡಿ. 30 ಕಿಲೋ ತೂಕದ, ಒಂದು ಮೀಟರ್ ಉದ್ದದ ಉಕ್ಕಿನ ಪಟ್ಟಿ ನಿಮಿಷಕ್ಕೆ 2000 ಸುತ್ತು ತಿರುಗ್ತಿದೆ ಅಂತಿಟ್ಟುಕೊಳ್ಳಿ. ಅದರ ತುದಿ ಗಂಟೆಗೆ ಸುಮಾರು 377 ಕಿ.ಮೀ. ವೇಗದಲ್ಲಿರುತ್ತೆ, ನಿಯಮದ ಒಳಗೇ. ಅದರಲ್ಲಿ ಕೂಡಿಟ್ಟ ಶಕ್ತಿ ಸುಮಾರು 55 ಸಾವಿರ ಜೌಲ್. ಅಂದ್ರೆ ಒಂದು ಟನ್ ತೂಕದ ಚಿಕ್ಕ ಕಾರು ಗಂಟೆಗೆ 38 ಕಿ.ಮೀ. ವೇಗದಲ್ಲಿ ಬಂದು ಗುದ್ದಿದಷ್ಟು. ಮೋಟಾರು ಕೆಲವು ಸೆಕೆಂಡು ಕಾಲ ಕೂಡಿಸಿದ್ದನ್ನ ಆಯುಧ ಕಣ್ಣು ಮಿಟುಕಿಸೋದರೊಳಗೆ ಖರ್ಚು ಮಾಡುತ್ತೆ. ಪಟ್ಟಿಯ ತೂಕ ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು.

ಹಾಗಾದ್ರೆ ವೇಗ ಏರಿಸ್ತಾ ಹೋದರಾಯ್ತಲ್ಲ ಅನ್ನಿಸುತ್ತೆ. ಇಲ್ಲೇ ಇರೋದು ಮಜಾ. ಎರಡು ಹಲ್ಲಿನ ಚಕ್ರವೊಂದು ನಿಮಿಷಕ್ಕೆ 6000 ಸುತ್ತು, ಅಂದ್ರೆ ಸೆಕೆಂಡಿಗೆ 100 ಸುತ್ತು ತಿರುಗ್ತಿದೆ. ಸೆಕೆಂಡಿಗೆ 200 ಸಲ ಹಲ್ಲು ಮುಂದೆ ಬರುತ್ತೆ. ನೀವು ಎದುರಾಳಿಯ ಕಡೆ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ನುಗ್ಗಿದರೆ ಒಂದು ಹಲ್ಲು ಹೋಗಿ ಇನ್ನೊಂದು ಬರುವುದರೊಳಗೆ ಮುಂದೆ ಸಾಗೋದು ಎರಡೇ ಸೆಂಟಿಮೀಟರ್. ಹಲ್ಲು ಕಚ್ಚೋಕೆ ಸಿಗೋ ಆಳ ಅಷ್ಟೇ. ವೇಗ ಎರಡು ಪಟ್ಟು ಮಾಡಿದರೆ ಒಂದೇ ಸೆಂಟಿಮೀಟರ್. ಆಗ ಬ್ಲೇಡು ಕಚ್ಚೋದಿಲ್ಲ, ಕಿಡಿ ಹಾರಿಸ್ತಾ ಉಜ್ಜುತ್ತೆ. ನೋಡೋಕೆ ದೀಪಾವಳಿ, ಹಾನಿ ಸೊನ್ನೆ. ಅದಕ್ಕೇ ಜಾಣರು ಒಂದೇ ಹಲ್ಲು ಇಡ್ತಾರೆ. ಕಚ್ಚೋ ಆಳ ಎರಡು ಪಟ್ಟಾಗುತ್ತೆ. ಆದರೆ ಹಲ್ಲಿಲ್ಲದ ಕಡೆ ಅಷ್ಟೇ ಭಾರ ತೂಗಿಸಬೇಕು. ಇಲ್ಲದಿದ್ರೆ ಒಂದೇ ಕಡೆ ಬೆಡ್‌ಶೀಟ್ ಮುದ್ದೆಯಾದ ವಾಷಿಂಗ್ ಮಷೀನ್ ಹಾಗೆ ರೋಬೋ ಕುಣಿಯೋಕೆ ಶುರು ಮಾಡುತ್ತೆ.

ಇನ್ನೊಂದು ತಕರಾರು, ಹೊಡೆದವನಿಗೂ ಅಷ್ಟೇ ಪೆಟ್ಟು ವಾಪಸ್ ಬರುತ್ತೆ. ನ್ಯೂಟನ್ ಸಾಹೇಬರು ಯಾರನ್ನೂ ಬಿಡೋದಿಲ್ಲ. ದೊಡ್ಡ ಪೆಟ್ಟು ಕೊಟ್ಟ ರೋಬೋ ತಾನೇ ಹಾರಿ ಗೋಡೆಗೆ ಬಡಿದುಕೊಳ್ಳೋದನ್ನ ನೀವು ನೋಡಿರಬಹುದು. ಜೊತೆಗೆ ಬುಗುರಿಯ ಗುಣ. ಸೈಕಲ್ ಚಕ್ರ ಬಿಚ್ಚಿ ಅಚ್ಚನ್ನ ಎರಡೂ ಕೈಲಿ ಹಿಡಿದು, ಯಾರಿಂದಲಾದರೂ ಜೋರಾಗಿ ತಿರುಗಿಸಿ, ಆಮೇಲೆ ಎಡಕ್ಕೋ ಬಲಕ್ಕೋ ತಿರುಗೋಕೆ ನೋಡಿ. ಅದು ಕೈಯಲ್ಲಿ ಸೊಟ್ಟಗಾಗೋಕೆ ಹಟ ಮಾಡುತ್ತೆ. ನೆಟ್ಟಗೆ ನಿಂತು ತಿರುಗೋ ಚಕ್ರ ಇರುವ ರೋಬೋ ಗಕ್ಕನೆ ತಿರುಗಿದರೆ ಅದೇ ಕಾರಣಕ್ಕೆ ಒಂದು ಬದಿಯ ಗಾಲಿ ನೆಲ ಬಿಟ್ಟೇಳುತ್ತೆ. ಹಾಗಾಗಿ ಅಗಲವಾಗಿ, ನೆಲಕ್ಕೆ ಹತ್ತಿರವಾಗಿ ಕಟ್ಟಬೇಕು.

ಇನ್ನು ಕವಚ. ‘ಗಟ್ಟಿ ಲೋಹ ಹಾಕಿದರಾಯ್ತು’ ಅನ್ನೋದು ಹೊಸಬರ ಮಾತು. ಗಟ್ಟಿ ಬೇರೆ, ತಾಳಿಕೆ ಬೇರೆ. ಪಿಂಗಾಣಿ ಬಟ್ಟಲು ಗಟ್ಟಿ, ಕೈಜಾರಿದರೆ ಚೂರು. ಅಲ್ಯುಮಿನಿಯಂ ಪಾತ್ರೆ ಮೆದು, ಬಿದ್ದರೆ ನಗ್ಗುತ್ತೆ, ಆದರೆ ಅನ್ನ ಮಾಡಬಹುದು. ಆಯುಧದ ಹಲ್ಲಿಗೂ ಇದೇ ಮಾತು. ಕಮ್ಮಾರ ಕುಡುಗೋಲನ್ನ ಕೆಂಪಗೆ ಕಾಯಿಸಿ ನೀರಿಗದ್ದಿ ಹದ ಮಾಡ್ತಾನಲ್ಲ, ಹದ ಹೆಚ್ಚಾದರೆ ಅಲಗು ಸಿಡಿಯುತ್ತೆ, ಕಡಿಮೆಯಾದರೆ ಬಾಗುತ್ತೆ. ರೋಬೋ ಕಟ್ಟೋರು ಪೆಟ್ಟು ತಾಳೋ ಟೂಲ್ ಸ್ಟೀಲನ್ನ ಹಲ್ಲಿಗೆ, ಸವೆತ ತಾಳೋ ಉಕ್ಕನ್ನ ಅಥವಾ ಟೈಟಾನಿಯಂ ಅನ್ನ ಕವಚಕ್ಕೆ ಬಳಸ್ತಾರೆ. ಕೆಲವರು ಪ್ಲಾಸ್ಟಿಕ್ಕನ್ನೂ ಹಾಕ್ತಾರೆ ಅಂದ್ರೆ ನಂಬ್ತೀರಾ? ಅಡುಗೆಮನೆಯಲ್ಲಿ ತರಕಾರಿ ಹೆಚ್ಚೋ ಬಿಳಿ ಹಲಗೆ ಇದೆಯಲ್ಲ, ಅದರ ಜಾತಿಯದೇ ಇನ್ನೂ ಗಡುಸಾದ ಹಲಗೆ. ಪೆಟ್ಟು ಬಿದ್ದರೆ ತುಂಡಾಗೋ ಬದಲು ಬಾಗಿ ನುಂಗಿಕೊಳ್ಳುತ್ತೆ. ಒಳಗಿನ ಎಲೆಕ್ಟ್ರಾನಿಕ್ಸನ್ನ ಮೊಟ್ಟೆ ಟ್ರೇ ಥರ ರಬ್ಬರು, ಸ್ಪಂಜಿನ ಮೇಲೆ ಕೂರಿಸಬೇಕು. ಎಷ್ಟೋ ರೋಬೋಗಳು ಸೋಲೋದು ಎದುರಾಳಿಯ ಬ್ಲೇಡಿನಿಂದಲ್ಲ, ಅದುರಿ ಕಳಚಿದ ಒಂದು ವೈರಿನಿಂದ.

ಇಷ್ಟೆಲ್ಲ ಹೇಳೋಕೆ ಒಂದು ಕಾರಣವೂ ಇದೆ. ಎರಡು ತಿಂಗಳ ಹಿಂದೆ ನಮ್ಮಕ್ಕ ಫೋನ್ ಮಾಡಿದ್ಲು. ‘ನೋಡೋ, ನಿನ್ನ ಸೊಸೆ ಕಾಲೇಜಲ್ಲಿ ರೋಬೋ ಕುಸ್ತಿ ತಂಡಕ್ಕೆ ಸೇರ್ಕೊಂಡಿದಾಳೆ. ನಿಮ್ ಭಾವ ಊಟ ಬಿಟ್ಟು ಎದ್ಹೋಗಿದಾರೆ. ನೀನೇ ಹೇಳು ಅವ್ಳಿಗೆ.’ ಸೊಸೆ ಅಂದ್ರೆ ಅಕ್ಕನ ಮಗಳು, ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷ. ನಮ್ಮಲ್ಲೂ ಎಂಜಿನಿಯರಿಂಗ್ ಕಾಲೇಜುಗಳ ಹಬ್ಬಗಳಲ್ಲಿ ಈ ಸ್ಪರ್ಧೆ ನಡೆಯುತ್ತೆ. ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ನಲ್ಲಿ ನಡೆಯೋ ರೋಬೋವಾರ್ಸ್ ದೇಶದಲ್ಲೇ ಹೆಸರಾದದ್ದು. ಇವಳ ತಂಡದ್ದು 15 ಕಿಲೋ ರೋಬೋ.

ಭಾವನ ಪ್ರಶ್ನೆ ನೇರವಾಗಿತ್ತು. ‘ಒಡೆಯೋದಕ್ಕೆ ಅಂತಲೇ ದುಡ್ಡು ಸುರಿದು ಕಟ್ಟೋದು ಯಾವ ಬುದ್ಧಿವಂತಿಕೆ ಹೇಳಪ್ಪ?’ ಕೇಳಬೇಕಾದ ಪ್ರಶ್ನೆಯೇ. ನಾನು ಹೇಳಿದ್ದು ಇಷ್ಟು: ‘ಭಾವ, ಕಾಲೇಜಿನಲ್ಲಿ ಮಾಡಿಸೋ ಪ್ರಾಜೆಕ್ಟು ಮೇಜಿನ ಮೇಲೆ ಕೂತು ಮಾರ್ಕ್ಸ್ ತಗೊಂಡು ಬೀರು ಸೇರುತ್ತೆ. ಅದು ನಿಜವಾಗಿ ಗಟ್ಟಿಯಾಗಿತ್ತಾ ಅಂತ ಯಾರಿಗೂ ಗೊತ್ತಾಗಲ್ಲ. ಇಲ್ಲಿ ಸುಳ್ಳು ನಡೆಯೋದೇ ಇಲ್ಲ. ಬೋಲ್ಟು ಸಡಿಲ ಇದ್ರೆ ಮೂರು ನಿಮಿಷದಲ್ಲಿ ಊರಿಗೇ ಗೊತ್ತಾಗುತ್ತೆ. ಯಾವುದು ಎಲ್ಲಿ ಮುರೀಬೇಕು ಅಂತ ಮೊದಲೇ ಯೋಚಿಸಿ ಕಟ್ಟೋದನ್ನ ಕಲೀತಾರೆ.’ ಮೋಟಾರಿಗೂ ಬ್ಲೇಡಿಗೂ ನಡುವೆ ಬೆಲ್ಟ್ ಹಾಕೋದು ಅದಕ್ಕೇ: ಜೋರು ಪೆಟ್ಟು ಬಿದ್ದಾಗ ಬೆಲ್ಟ್ ಜಾರುತ್ತೆ, ದುಬಾರಿ ಮೋಟಾರು ಉಳಿಯುತ್ತೆ. ಮನೆಯಲ್ಲಿ ಫ್ಯೂಸು ಹೋಗಿ ಟಿವಿ ಉಳಿದ ಹಾಗೆ.

ಭಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆದರೆ ಹುಡುಗಿ ಬೇರೇನೇ ಸಂಕಟ ಹೇಳಿದ್ಲು. ‘ಮಾವ, ಐದು ಜನ ಹುಡುಗ್ರು, ನಾನೊಬ್ಳು. ನಂಗೆ ಕೊಟ್ಟಿರೋದು ರಿಜಿಸ್ಟ್ರೇಷನ್, ಬ್ಯಾನರು, ಖರ್ಚಿನ ಲೆಕ್ಕ. ಸ್ಪ್ಯಾನರ್ ಮುಟ್ಟೋಕೂ ಬಿಡಲ್ಲ.’

ಇದು ಕೇಳಿ ನನಗೆ ಬೇಜಾರಾಯ್ತು ಅನ್ನೋದಕ್ಕಿಂತ ಕೋಪ ಬಂತು. ಅವಳಿಗೆ ಲೀಸಾ ವಿಂಟರ್ ಕತೆ ಹೇಳಿದೆ. ಚಿಕ್ಕ ಹುಡುಗಿಯಾಗಿದ್ದಾಗಲೇ ಅಪ್ಪನ ಜೊತೆ ಸೇರಿ ‘ಟೆಂಟೌಮುಶಿ’ ಅನ್ನೋ ರೋಬೋ ತಂದವಳು. ಮಕ್ಕಳು ಮರಳಲ್ಲಿ ಆಡೋ ತೊಟ್ಟಿಗೆ ಮುಚ್ಚೋ, ಕೆಂಪು ಜೀರುಂಡೆ ಆಕಾರದ ಪ್ಲಾಸ್ಟಿಕ್ ಮುಚ್ಚಳ ಎದುರಾಳಿಯ ಮೇಲೆ ಬೋರಲು ಬೀಳೋದು, ಒಳಗಿಂದ ಗರಗಸ ಕೊರೆಯೋದು! 2015ರಲ್ಲಿ ಬ್ಯಾಟಲ್‌ಬಾಟ್ಸ್ ಮತ್ತೆ ಶುರುವಾದಾಗ ಅವಳು ತನ್ನದೇ ತಂಡ ಕಟ್ಟಿಕೊಂಡು ವಾಪಸ್ ಬಂದಳು.

ಆಮೇಲೆ ನನ್ನ ಅನುಭವದ ಒಂದು ಗುಟ್ಟು ಹೇಳಿಕೊಟ್ಟೆ. ‘ಜಗಳ ಆಡ್ಬೇಡ. ಹೇಗೂ ಲೆಕ್ಕ ನಿಂದೇ ಅಲ್ವಾ, ತೂಕದ ಲೆಕ್ಕಾನೂ ನಾನೇ ಬರೀತೀನಿ ಅನ್ನು. ತೂಕದ ಪಟ್ಟಿ ಯಾರ ಕೈಲಿರುತ್ತೋ ರೋಬೋ ಅವರ ಕೈಲಿರುತ್ತೆ.’ ಹುಡುಗಿ ಅಡುಗೆಮನೆ ತಕ್ಕಡಿ ತಗೊಂಡು ಹೋದ್ಲು. ಒಂದೊಂದು ಬೋಲ್ಟು, ನಟ್ಟು, ವೈರು, ಕೊನೆಗೆ ಬೆಸುಗೆಗೆ ಎಷ್ಟು ಸೇರುತ್ತೆ ಅನ್ನೋದನ್ನೂ ಬರೆದು ಕೂಡಿಸಿದ್ಲು. ಹುಡುಗರ ಕಂಪ್ಯೂಟರ್ ಚಿತ್ರದಲ್ಲಿ 14 ಕಿಲೋ 800 ಗ್ರಾಂ ಇದ್ದದ್ದು ಇವಳ ಪಟ್ಟಿಯಲ್ಲಿ 16 ಕಿಲೋ 200! ಬೋಲ್ಟು, ವೈರುಗಳನ್ನ ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಹಾಗೇ ಹೋಗಿದ್ರೆ ತಕ್ಕಡಿ ಹತ್ತಿರವೇ ವಾಪಸ್ ಕಳಿಸ್ತಿದ್ರು. ಎಲ್ಲಿ ಕೊರೆದು ಹಗುರ ಮಾಡೋದು ಅಂತ ತೀರ್ಮಾನ ಮಾಡೋಕೆ ಈಗ ಎಲ್ಲರೂ ಇವಳ ಪಟ್ಟಿ ಮುಂದೆ ಕೂರಬೇಕಾಯ್ತು. ಕೊರೆದವರಲ್ಲಿ ಇವಳೂ ಒಬ್ಬಳು. ಮೊನ್ನೆ ಶನಿವಾರ ಲೇತ್ ಅಂಗಡಿಗೆ ಅವಳನ್ನ ಸ್ಕೂಟರಿನಲ್ಲಿ ಕರ್ಕೊಂಡು ಹೋದದ್ದು ನಮ್ಮ ಭಾವ. ಅಂಗಡಿಯವರ ಹತ್ರ ಚೌಕಾಸಿ ಮಾಡಿದ್ದೂ ಅವರೇ ಅಂತೆ. ಸ್ಪರ್ಧೆ ಮುಂದಿನ ತಿಂಗಳು. ಗೆಲ್ತಾರೋ ಸೋಲ್ತಾರೋ ಹೇಳೋಕೆ ನಾನು ಜ್ಯೋತಿಷಿ ಅಲ್ಲ.

ಹೆತ್ತವರಿಗೆ ಒಂದು ಮಾತು. ಇದು ಆಟಿಕೆ ಅಲ್ಲ. 1995ರಲ್ಲಿ ‘ಬ್ಲೆಂಡೋ’ ಅನ್ನೋ ರೋಬೋ ಬಂತು. ಬೋರಲು ಹಾಕಿದ ಬಾಣಲೆ ಆಕಾರದ ಚಿಪ್ಪೇ ಗಿರ್ರನೆ ತಿರುಗೋದು. ಆಮೇಲೆ ಮಿಥ್‌ಬಸ್ಟರ್ಸ್ ಕಾರ್ಯಕ್ರಮದಿಂದ ಹೆಸರಾದ ಜೇಮಿ ಹೈನಮನ್, ಆಡಮ್ ಸ್ಯಾವೇಜ್ ಅದರ ಹಿಂದಿದ್ದವರು. ಎದುರಾಳಿಯ ಚೂರುಗಳು ಕಣದ ಗೋಡೆ ದಾಟಿ ಹಾರಿದವು. ಅಪಾಯ ಅಂತ ಅದನ್ನ ಆಡಿಸೋದೇ ನಿಲ್ಲಿಸಿ, ಜಂಟಿ ಚಾಂಪಿಯನ್ ಅಂತ ಘೋಷಿಸಿ ಕಳಿಸಿದರು. ಇವತ್ತು ಕಣಕ್ಕೆ ದಪ್ಪ ಪಾಲಿಕಾರ್ಬೊನೇಟ್ ಗೋಡೆ ಇರೋದು ಸುಮ್ಮನೆ ಅಲ್ಲ.

ಚಿಕ್ಕದು ಅಂತಲೂ ಸಸಾರ ಮಾಡಬೇಡಿ. 300 ಗ್ರಾಂ ತೂಕದ, ಅಂಗೈಯಗಲದ ಚಕ್ರ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗಿದರೆ ಅದರಲ್ಲಿರೋ ಶಕ್ತಿ ಏಳನೇ ಮಹಡಿಯಿಂದ ಬಿದ್ದ ಒಂದು ಕಿಲೋ ಕಲ್ಲಿನಷ್ಟು. ಹಾಗಾಗಿ ನಾಲ್ಕು ಕಟ್ಟುನಿಟ್ಟು ಮನೆಯಲ್ಲಿ ಇರಲಿ. ಒಂದು, ಆಯುಧವನ್ನ ಮನೆಯೊಳಗೆ, ಅಂಗಳದಲ್ಲಿ, ಮಹಡಿ ಮೇಲೆ ತಿರುಗಿಸಕೂಡದು. ಮುಚ್ಚಿದ ಪೆಟ್ಟಿಗೆಯೊಳಗೆ ಮಾತ್ರ. ಎರಡು, ರಿಪೇರಿ ಮಾಡುವಾಗ ಆಯುಧಕ್ಕೆ ಅಡ್ಡಪಿನ್ನು ಹಾಕಿ ಬ್ಯಾಟರಿಯ ಸಂಪರ್ಕ ಕಿತ್ತಿರಬೇಕು. ಮೂರು, ರಿಮೋಟಿನ ಸಿಗ್ನಲ್ ತಪ್ಪಿದ ಕೂಡಲೇ ಎಲ್ಲ ಮೋಟಾರೂ ತಾನಾಗಿ ನಿಲ್ಲೋ ಏರ್ಪಾಡು ಇರಬೇಕು. ರಿಮೋಟ್ ಆಫ್ ಮಾಡಿ ಪರೀಕ್ಷೆ ಮಾಡಿ. ನಾಲ್ಕು, ಲಿಥಿಯಂ ಪಾಲಿಮರ್ ಬ್ಯಾಟರಿ ಚಾರ್ಜಿಗೆ ಹಾಕಿ ಮಲಗಬೇಡಿ. ಉಬ್ಬಿದ್ದು, ನೆಗ್ಗಿದ್ದು ಕಂಡರೆ ಬಳಸಲೇಬೇಡಿ. ಅದಕ್ಕೆ ಬೆಂಕಿ ಹತ್ತಿದರೆ ಆರಿಸೋದು ಕಷ್ಟ.

ಕಲಿಯೋಕೆ ದೊಡ್ಡ ರೋಬೋ ಬೇಕಿಲ್ಲ. ಬ್ರಿಟನ್ನಿನಲ್ಲಿ 150 ಗ್ರಾಂ ತೂಕದ ‘ಇರುವೆ’ ವರ್ಗವಿದೆ. ಒಂದೂವರೆ ಕಿಲೋ ಆಸುಪಾಸಿನ ‘ಜೀರುಂಡೆ’ ವರ್ಗವೂ ಇದೆ. ಮೊದಲನೆಯದನ್ನ ಆಯುಧವೇ ಇಲ್ಲದೆ, ಬರೀ ಇಳಿಜಾರು ಮೂತಿ ಇಟ್ಟು ತಳ್ಳೋ ಹಾಗೆ ಕಟ್ಟಲಿ. ಚೆನ್ನಾಗಿ ಓಡಿಸೋದನ್ನ ಮೊದಲು ಕಲೀಲಿ. 2015ರ ಬ್ಯಾಟಲ್‌ಬಾಟ್ಸ್ ಫೈನಲ್ಲಿನಲ್ಲಿ ಭಯಂಕರ ಟೂಂಬ್‌ಸ್ಟೋನನ್ನ ಸೋಲಿಸಿದ ‘ಬೈಟ್ ಫೋರ್ಸ್’ ಬಳಿ ಆಗ ತಿರುಗೋ ಬ್ಲೇಡೇ ಇರಲಿಲ್ಲ. ಹಿಡಿದು ಎತ್ತೋ ಕೈ, ಗಟ್ಟಿ ಮೈ, ಒಳ್ಳೆಯ ಚಾಲಕ, ಇಷ್ಟೇ. ಅದೇ ತಂಡ ಆಮೇಲೆ ತಿರುಗೋ ಆಯುಧ ಹಾಕಿಕೊಂಡು 2018 ಮತ್ತು 2019ರಲ್ಲೂ ಗೆದ್ದದ್ದು ಬೇರೆ ವಿಷಯ.

ಒಂದು ಸಂಗತಿ ಮಾತ್ರ ಟಿವಿಯಲ್ಲಿ ಸರಿಯಾಗಿ ಕಾಣಿಸೋದಿಲ್ಲ. ಕಣದ ಹಿಂದೆ ಎಲ್ಲ ತಂಡಗಳೂ ಒಂದೇ ಶೆಡ್ಡಿನಲ್ಲಿ ಮೇಜು ಹಾಕಿಕೊಂಡು ರಿಪೇರಿ ಮಾಡ್ತಾ ಇರ್ತಾರೆ. ಒಬ್ಬರ ಮೋಟಾರು ಸುಟ್ಟರೆ ಪಕ್ಕದವರು ತಮ್ಮದನ್ನ ಕೊಡ್ತಾರೆ, ನಾಳೆ ಅವರನ್ನೇ ಎದುರಿಸಬೇಕು ಅಂತ ಗೊತ್ತಿದ್ದೂ. ಸ್ಪ್ಯಾನರು, ಬೆಸುಗೆ ಯಂತ್ರ, ಕೈಗಳು ಎಲ್ಲ ಸಾಲಕ್ಕೆ ಸಿಗುತ್ತವೆ. ಎದುರಾಳಿ ಕಣಕ್ಕೇ ಬರದೆ ಸಿಗೋ ಗೆಲುವು ಅಲ್ಲಿನ ಯಾರಿಗೂ ರುಚಿಸೋದಿಲ್ಲ.

ಹಾಗಾಗಿ ನಿಮ್ಮ ಮನೆಯ ಮಗ ಅಥವಾ ಮಗಳು ಹಳೇ ಮಿಕ್ಸಿಯ ಮೋಟಾರು ಬಿಚ್ಚೋಕೆ ಕೂತರೆ ಕೂಡಲೇ ಗದರಿಸಬೇಡಿ. ಪ್ಲಗ್ ಕಿತ್ತಿದ್ದೀಯಾ ಅಂತ ಮೊದಲು ಕೇಳಿ. ಆಮೇಲೆ, ಬಿಚ್ಚಿದ ಸ್ಕ್ರೂಗಳನ್ನ ಹಾಕಿಡೋಕೆ ಒಂದು ಬಟ್ಟಲು ತಂದುಕೊಡಿ.